ಕೂಜಿಕ್‌ನ ನೆಲಮಾಳಿಗೆಯ ಅಭ್ಯಾಸ

ಓರೆಸ್ಟ್ ಕೂಜಿಕ್ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳು ಹೇಳುವವನಿಗೆ ಇರಬೇಕಾದ ಜ್ಞಾಪಕಶಕ್ತಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಆದರೂ ಒಂದು ಚಳಿಗಾಲದಲ್ಲಿ ಅವನು ಒಂದೇ ಒಂದು ಸುಳ್ಳು ಹೇಳಿದ. ಅದನ್ನು ಹೇಳಿಸಿದ್ದು ಅವನ ಅತ್ತೆಯ ಪಿತ್ತಕೋಶ.

ಅತ್ತೆ ಪರಾಸ್ಕಾ ಪ್ರತಿ ವರ್ಷ ಮೊದಲ ಹಿಮ ಬೀಳುತ್ತಿದ್ದಂತೆ ಮಗಳ ಮನೆಗೆ ಬಂದರೆ, ಹಿಮ ಕರಗಿ ರಸ್ತೆಯಲ್ಲಿ ಕೆಸರಾಗುವವರೆಗೂ ಅಲ್ಲಾಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತು ಬೀಟ್‌ರೂಟ್ ಸಾರಿನ ಮೊದಲ ಚಮಚೆ ಬಾಯಿಗಿಟ್ಟರೆ ಸಾಕು, ತನ್ನ ಪಿತ್ತಕೋಶ ತೆಗೆದ ಕಥೆ ಶುರುಮಾಡುತ್ತಿದ್ದಳು. ಡಾಕ್ಟರು ಹೊಟ್ಟೆ ಕೊಯ್ಯುವ ಘಟ್ಟಕ್ಕೆ ಸರಿಯಾಗಿ ಓರೆಸ್ಟನ ತಟ್ಟೆಗೆ ಎಲೆಕೋಸಿನಲ್ಲಿ ಸುತ್ತಿದ ಮಾಂಸ ಬರುತ್ತಿತ್ತು. ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಎಲ್ಲಿಗ್ರೀ?" ಎಂದಳು ಹೆಂಡತಿ ಸ್ಟೆಫಾ.

"ಕೆಳಗೆ. ನೆಲಮಾಳಿಗೆಗೆ. ಅದು... ಶಾರ್ಟ್ ಗೇಮ್ ಅಭ್ಯಾಸ ಮಾಡ್ಬೇಕು."

ಶಾರ್ಟ್ ಗೇಮ್ ಎಂದರೆ ಗಾಲ್ಫಿನಲ್ಲಿ ಗುಳಿಯ ಹತ್ತಿರ ಬಂದ ಮೇಲೆ ಆಡುವ ಮೆಲುಹೊಡೆತ. ಬಯಲಿನ ಆ ತುದಿಗೆ ಬಾರಿಸುವುದು ತೋಳಿನ ಕೆಲಸ, ಎತ್ತಿನಂಥವರೂ ಮಾಡುತ್ತಾರೆ. ನಾಲ್ಕು ಮಾರು ದೂರದ ಗುಳಿಗೆ ಚೆಂಡನ್ನು ಮೆತ್ತಗೆ ದಾಟಿಸುವಾಗಲೇ ಗಂಡಸರ ಮಂಡಿ ನಡುಗುವುದು. ಓರೆಸ್ಟನ ಮಂಡಿಯ ಚರಿತ್ರೆ ಊರಿಗೇ ಗೊತ್ತಿತ್ತು. ಕಳೆದ ಶರತ್ಕಾಲದಲ್ಲಿ ಪಕ್ಕದ ಹಾರ್ಟ್‌ವಿಕ್ ಊರಿನ ಮೇಲಿನ ಪಂದ್ಯದ ಕೊನೆಯ ಗುಳಿಯಲ್ಲಿ ಅವನು ಮೆಲ್ಲಗೆ ತಟ್ಟಬೇಕಾಗಿದ್ದ ಚೆಂಡು ಅಡ್ಡಕ್ಕೆ ಹಾರಿ, ಹೆಂಗಸರು ಇಟ್ಟಿದ್ದ ಕಾಫಿ ಹಂಡೆಯ ನಲ್ಲಿ ಮುರಿದಿತ್ತು. ಓರೆಸ್ಟನ ಊರು ಸಾಲ್ಟ್‌ವೆಲ್ ಪಂದ್ಯವನ್ನೂ ಕಾಫಿಯನ್ನೂ ಒಟ್ಟಿಗೆ ಕಳೆದುಕೊಂಡಿತು. ಪಂದ್ಯದ ಪಾರಿತೋಷಕವಾದ ಹಳೆ ಟ್ರ್ಯಾಕ್ಟರಿನ ಕಬ್ಬಿಣದ ಸೀಟು ಹಾರ್ಟ್‌ವಿಕ್‌ಗೆ ಹೋಯಿತು. ಸ್ಟೆಫಾ ಅವತ್ತು ಮನೆಗೆ ಬರುವವರೆಗೂ ಕಾರಿನ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಹಾಗಾಗಿ ಗಂಡ ಅಭ್ಯಾಸದ ಮಾತೆತ್ತಿದಾಗ ಅವಳಿಗೆ ಕಣ್ಣು ತುಂಬಿ ಬಂತು. "ಹೋಗಿ, ಹೋಗಿ. ಅಮ್ಮಂಗೆ ನಾನು ಹೇಳ್ತೀನಿ," ಎಂದಳು.

ನೆಲಮಾಳಿಗೆಯಲ್ಲಿ ಒಂದು ಡೀಪ್ ಫ್ರೀಜರ್, ನೀರಿನ ಪಂಪು, ಮೇಲಿನ ಮನೆಯಿಂದ ಗಡೀಪಾರಾದ ಒಂದು ಸೋಫಾ ಇದ್ದವು. ಓರೆಸ್ಟ್ ಗಾಲ್ಫ್ ಚೀಲವನ್ನು ಗೋಡೆಗೆ ಒರಗಿಸಿ, ಸೋಫಾದ ಮೇಲೆ ಅಡ್ಡಾಗಿ, ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ನಿದ್ದೆ ಹೋದ. ಮರುದಿನವೂ ಹೋದ. ಆ ಚಳಿಗಾಲ ಪೂರ್ತಿ, ಹಿಮಗಟ್ಟಿದ ನೆಲದ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟ ಇಲ್ಲದ ರಾತ್ರಿಗಳಲ್ಲೆಲ್ಲ ಹೋದ.

ಈಗ ಪಂಪಿನ ವಿಷಯ ಹೇಳಬೇಕು. ಅದರ ಕೊಳವೆಯ ಒಂದು ಬಿಗಿಪಟ್ಟಿ ಸಡಿಲವಾಗಿತ್ತು. ಮೇಲೆ ಯಾರಾದರೂ ನಲ್ಲಿ ತಿರುಗಿಸಿದರೆ ಕೆಳಗೆ ಕೊಳವೆ ಹೋಗಿ ಗೋಡೆಗೆ 'ಟಕ್' ಎಂದು ಹೊಡೆಯುತ್ತಿತ್ತು, ಗಾಲ್ಫ್ ಕೋಲು ಚೆಂಡಿಗೆ ತಾಕಿದ ಹಾಗೆಯೇ. ಪರಾಸ್ಕಾಗೆ ಊಟವಾದ ಮೇಲೆ ಚಹಾ ಬೇಕು, ಚಹಾ ಆದ ಮೇಲೆ ಬಚ್ಚಲಿಗೆ ಹೋಗಬೇಕು, ಬಂದ ಮೇಲೆ ಮತ್ತೆ ಚಹಾ ಬೇಕು. ಹೀಗಾಗಿ ಅತ್ತೆ ಚಹಾ ಕುಡಿದಷ್ಟೂ ಅಳಿಯನ ಅಭ್ಯಾಸ ಜೋರಾಗುತ್ತಿತ್ತು.

"ಕೇಳಿಸ್ತಾಮ್ಮಾ?" ಎನ್ನುತ್ತಿದ್ದಳು ಸ್ಟೆಫಾ, ಪಾತ್ರೆ ತೊಳೆಯುತ್ತಾ. "ಟಕ್. ನೋಡು, ಮತ್ತೆ ಟಕ್. ಒಂದೂ ತಪ್ಪಲ್ಲ, ಎಲ್ಲಾ ಒಂದೇ ಸಮ!"

"ನಿಮ್ಮಪ್ಪಂಗೆ ಇಷ್ಟು ಹಟ ಇದ್ದಿದ್ರೆ ನಾವು ಎಲ್ಲೋ ಇರ್ತಿದ್ವಿ," ಎಂದು ಪರಾಸ್ಕಾ ನಿಟ್ಟುಸಿರು ಬಿಟ್ಟು, ಕೆಟಲಿಗೆ ಇನ್ನಷ್ಟು ನೀರು ಹಿಡಿಯುತ್ತಿದ್ದಳು. ಕೆಳಗಿನಿಂದ ತಕ್ಷಣ ಉತ್ತರ ಬರುತ್ತಿತ್ತು: ಟಕ್.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಈ ಮಾತು ಮನೆ ಕೆಡಿಸುವ ಮೊದಲು ಚರ್ಚಿನ ಅಡುಗೆಮನೆಗೆ ಹೋಯಿತು. ಅಲ್ಲಿ ಹೆಂಗಸರೆಲ್ಲ ಸೇರಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬಿನ ಅಂಚು ಒತ್ತುತ್ತಾ ಕೂತಿದ್ದಾಗ ಸ್ಟೆಫಾ ಸುಮ್ಮನೆ ಎಂಬಂತೆ ಹೇಳಿದಳು: "ನಮ್ಮನೆಯವರು ರಾತ್ರಿ ಪೂರ್ತಿ ಕೆಳಗೇ ಇರ್ತಾರೆ. ಶಾರ್ಟ್ ಗೇಮು. ಕರೆದ್ರೂ ಓಗೊಡಲ್ಲ, ಅಷ್ಟು ತನ್ಮಯ." ಓಗೊಡದಿದ್ದದ್ದು ನಿಜವೇ.

ಮಾರನೆ ಬೆಳಿಗ್ಗೆ ಹೊತ್ತಿಗೆ ಮಾತು ಕಾಫಿ ಅಂಗಡಿಯ ಉದ್ದ ಮೇಜು ತಲುಪಿತು. ಸಾಲ್ಟ್‌ವೆಲ್‌ನಲ್ಲಿ ಆ ಮೇಜಿನಿಂದ ಪಾಸಾಗದೆ ಹವಾಮಾನವೂ ಬದಲಾಗುವುದಿಲ್ಲ. ಮೇಜಿನ ತುದಿಯ ಕುರ್ಚಿ ಇವಾರ್ ಸುಂಡ್‌ಬಿಯದು. ಗೋಧಿ ಗೋದಾಮಿನಿಂದ ನಿವೃತ್ತನಾದ ಇವಾರ್ ಬೇಸಿಗೆಯಲ್ಲಿ ಗಾಲ್ಫ್ ತಂಡಕ್ಕೂ ಚಳಿಗಾಲದಲ್ಲಿ ಕರ್ಲಿಂಗ್ ತಂಡಕ್ಕೂ ನಾಯಕ. ಯಾವ ವಿಷಯಕ್ಕೂ ಅರ್ಥ ಹಚ್ಚದೆ ಬಿಟ್ಟವನಲ್ಲ.

"ನಾನು ಅವತ್ತೇ ಹೇಳಿದ್ದೆ," ಎಂದ ಇವಾರ್. ಅವತ್ತು ಅವನು ಹೇಳಿದ್ದು ಬೇರೆಯೇ. "ಕಾಫಿ ಹಂಡೆ ಮುರಿದ ದಿನ ಆ ಮನುಷ್ಯನ ಮುಖ ನೋಡಿದ್ರಾ? ಒಳಗೆ ಏನೋ ಕುದೀತಿತ್ತು."

ಕುದಿಯುತ್ತಿದ್ದದ್ದು ಹಂಡೆಯ ಕಾಫಿ, ನಲ್ಲಿ ಮುಚ್ಚಲು ಓಡಿದ ಓರೆಸ್ಟನ ಷೂ ಒಳಗೆ. ಆದರೆ ಮೇಜು ತಲೆದೂಗಿತು. ಓರೆಸ್ಟ್ ರೈತರ ಸಹಕಾರಿ ಅಂಗಡಿಯಲ್ಲಿ ಬೋಲ್ಟು, ನಟ್ಟು ಮಾರುವವನು. ಅವತ್ತಿನಿಂದ ಬೋಲ್ಟು ಕೊಳ್ಳಲು ಬಂದವರು ಅವನ ಮಣಿಕಟ್ಟನ್ನೇ ನೋಡತೊಡಗಿದರು. ಒಬ್ಬನಂತೂ, "ಮುಟ್ಲಾ ಒಂದ್ಸಲ?" ಎಂದು ಕೇಳಿದ.

ಕೊನೆಗೆ ಓರೆಸ್ಟನಿಗೂ ವಿಷಯ ತಿಳಿಯಿತು. ಆ ಸಂಜೆ ಎಲ್ಲವನ್ನೂ ಒಪ್ಪಿಕೊಂಡುಬಿಡುವ ನಿರ್ಧಾರದಿಂದ ಅಡುಗೆಮನೆಗೆ ಹೋದ. ಸ್ಟೆಫಾ ಒಲೆಯ ಕಡೆಯಿಂದ ತಿರುಗಿದಳು. ಅವಳ ಕಣ್ಣಿನಲ್ಲಿ ಒಂದು ನೋಟವಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಂಥ ನೋಟ ಅವನ ಪಾಲಿಗೆ ಬಂದಿರಲಿಲ್ಲ. ಪಕ್ಕದ ಮನೆಯವರ ಹೊಸ ಕೊಯ್ಲು ಯಂತ್ರದ ಪಾಲಿಗೆ ಬಂದದ್ದನ್ನು ಒಮ್ಮೆ ಕಂಡಿದ್ದ, ಅಷ್ಟೆ. "ನಮ್ಮನೆಯವರು," ಎಂದು ಅವಳು ಅಮ್ಮನಿಗೆ ಹೇಳುವಾಗ ಅವಳ ದನಿಯೇ ಬೇರೆಯಾಗಿತ್ತು. ಓರೆಸ್ಟ್ ಬಾಯಿ ಮುಚ್ಚಿಕೊಂಡು ನೆಲಮಾಳಿಗೆಗೆ ಇಳಿದ. ಊರಿಗೆ ಊರೇ ನಕ್ಕರೂ ತಡೆದುಕೊಂಡಾನು, ಆ ನೋಟ ಒಂದು ಆರಿಹೋಗಬಾರದು ಎಂದು ಸೋಫಾದ ಮೇಲೆ ಕೂತು ಯೋಚಿಸಿದ. ಯೋಚಿಸುತ್ತಲೇ ನಿದ್ದೆ ಬಂತು.

ಚಳಿಗಾಲದಲ್ಲಿ ಅವನು ಎಚ್ಚರವಾಗಿದ್ದು ಮಾಡಿದ ಕೆಲಸವೆಂದರೆ ಕರ್ಲಿಂಗ್ ಒಂದೇ. ಅದರಲ್ಲಿ ಅವನು ಮೋಸವಿಲ್ಲದ ಆಟಗಾರ. ದೂರದ ತುದಿಯಲ್ಲಿ ಇವಾರ್ ಪೊರಕೆಯನ್ನು ಗುರಿಯಾಗಿ ನೆಟ್ಟು ಕೂರುತ್ತಿದ್ದ. ಓರೆಸ್ಟ್ ಹಿಮಗಟ್ಟಿದ ನೆಲದ ಮೇಲೆ ಜಾರುತ್ತಾ ಬಂದು ಭಾರದ ಕಲ್ಲನ್ನು ಮೆತ್ತಗೆ ಬಿಟ್ಟು, "ಗುಡ್ಸೀ! ಜೋರಾಗಿ ಗುಡ್ಸೀ!" ಎಂದು ಕಿರುಚುತ್ತಿದ್ದ. ಥೀಸೆನ್ ಸೋದರರಾದ ಕಾರ್ಲ್ ಮತ್ತು ಎಲ್ಮರ್ ಕಲ್ಲಿನ ಮುಂದೆ ಓಡೋಡುತ್ತಾ ಹಿಮವನ್ನು ತಿಕ್ಕಿ ಗುಡಿಸಿ, ಕಲ್ಲನ್ನು ಇನ್ನಷ್ಟು ದೂರ ಒಯ್ಯುತ್ತಿದ್ದರು. ಕಲ್ಲು ಗುರಿವೃತ್ತದ ನಡುಬಿಂದು ದಾಟಿದರೆ ಎದುರಾಳಿ ನಾಯಕನೂ ಪೊರಕೆ ಹಿಡಿದು ಬಂದು ಅದನ್ನು ಆಚೆಗೆ ಗುಡಿಸಬಹುದು, ಅದು ಆ ಆಟದ ನ್ಯಾಯ. ಇದನ್ನೆಲ್ಲ ಆ ಸೀಮೆಯ ಮಕ್ಕಳು ನಡೆಯುವುದಕ್ಕೆ ಮೊದಲೇ ಕಲಿಯುತ್ತಾರೆ.

ಹಿಮ ಕರಗಿತು. ಗಾಲ್ಫ್ ಬಯಲಿನಲ್ಲಿ ಅಲ್ಲಲ್ಲಿ ಹುಲ್ಲು ಕಂಡಿತು. ಓರೆಸ್ಟ್ ಯಾರಿಗೂ ಕಾಣದಂತೆ ಬೆಳಗಾಗುವ ಮೊದಲೇ ಅಲ್ಲಿಗೆ ಹೋದ. ಕೋಲು ಹಿಡಿದರೆ ಅದು ಬೇರೆ ಯಾರದ್ದೋ ಕೈ ಹಿಡಿದ ಹಾಗಿತ್ತು. ಮೊದಲ ಹೊಡೆತಕ್ಕೆ ಕೋಲು ಚೆಂಡಿನ ಹಿಂದಿನ ಮಣ್ಣಿಗೆ ಹೂತುಹೋಯಿತು, ಚೆಂಡು ಮಾತ್ರ ಇದ್ದಲ್ಲೇ ಇತ್ತು. ತಲೆ ಎತ್ತಿ ನೋಡಿದರೆ ಬೇಲಿಯ ಆಚೆ ಇವಾರ್, ಥೀಸೆನ್ ಸೋದರರು, ಮೇಜಿನ ಉಳಿದ ಸದಸ್ಯರು ಕಾಫಿ ಲೋಟ ಹಿಡಿದು ಸಾಲಾಗಿ ನಿಂತಿದ್ದರು.

"ಚೆಂಡು ಹೋಗ್ಲೇ ಇಲ್ವಲ್ಲ?" ಎಂದ ಕಾರ್ಲ್.

"ಶ್!" ಎಂದ ಇವಾರ್. "ಚೆಂಡು ಯಾಕಯ್ಯಾ ಹೋಗ್ಬೇಕು? ಮಣ್ಣಿನೊಳಗೆ ಮಂಜು ಎಷ್ಟು ಆಳ ಉಳಿದಿದೆ ಅಂತ ನೋಡ್ತಿದ್ದಾನೆ. ನೀನು ಬಿತ್ತನೆಗೆ ಮುಂಚೆ ಮಣ್ಣು ನೋಡಲ್ವಾ?"

ಎರಡನೆಯ ಚೆಂಡು ಕೋಲಿನ ಕುತ್ತಿಗೆಗೆ ತಾಕಿ ಬಲಕ್ಕೆ ಸಿಡಿಯಿತು. ಪಕ್ಕದ ಹೊಲದ ತಗಡಿನ ಕಣಜಕ್ಕೆ ಬಡಿದು, ಗಂಟೆಯಂತೆ ಸದ್ದು ಮಾಡಿ, ವಾಪಸು ಉರುಳಿ ಬಂದು ಓರೆಸ್ಟನ ಕಾಲ ಬುಡದಲ್ಲೇ ನಿಂತಿತು.

"ನಾಯಿ ಕರೆದಂಗೆ ವಾಪಸ್ ಕರೆಸ್ಕೊಂಡ," ಎಂದ ಎಲ್ಮರ್. ಕೈಯಲ್ಲಿದ್ದ ಕಾಫಿ ಚೆಲ್ಲುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ.

ಮೂರನೆಯದು ನೆತ್ತಿಗೆ ಪೆಟ್ಟು ತಿಂದು ನೆಲ ಕಚ್ಚಿಕೊಂಡು ಓಡಿ ಕೆರೆಗೆ ಬಿತ್ತು. ಅಲ್ಲಿಂದ ಒಂದು ಜೊತೆ ಬಾತುಕೋಳಿ ಎದ್ದು ಹಾರಿತು. ಓರೆಸ್ಟ್ ನಾಚಿಕೆಯಿಂದ ಟೋಪಿ ತೆಗೆದು ಹಣೆ ಒರೆಸಿಕೊಂಡ. ಬೇಲಿಯ ಆಚೆಯವರು ಅದೇನೋ ಶಾಸ್ತ್ರ ಎಂದುಕೊಂಡು ತಾವೂ ಟೋಪಿ ತೆಗೆದರು.

"ಇವತ್ತಿಗೆ ಸಾಕು ಅನ್ನಿಸುತ್ತೆ," ಎಂದು ಓರೆಸ್ಟ್ ಗೊಣಗಿದ.

"ಕೇಳಿದ್ರಾ? ಮೂರೇ ಹೊಡೆತ!" ಎಂದ ಇವಾರ್. "ನಮ್ಮಂಥ ದಡ್ಡರು ಬುಟ್ಟಿಗಟ್ಟಲೆ ಹೊಡೀತೀವಿ. ಗೊತ್ತಿರೋನಿಗೆ ಮೂರು ಸಾಕು."

ಹೀಗೆ ಪ್ರತಿ ಬೆಳಿಗ್ಗೆಯೂ ನಡೆಯಿತು. ಅವನು ಎಷ್ಟು ಕೆಟ್ಟದಾಗಿ ಆಡಿದನೋ ಊರಿನ ಬೆರಗು ಅಷ್ಟು ಬೆಳೆಯಿತು. ಚೆನ್ನಾಗಿ ಆಡಿದ್ದರೆ ಇಷ್ಟು ಹೊತ್ತಿಗೆ ಯಾರಿಗಾದರೂ ಬೇಸರವಾಗಿರುತ್ತಿತ್ತು.

ಮೇ ತಿಂಗಳ ರಜೆಯ ವಾರಾಂತ್ಯಕ್ಕೆ ಮರುಪಂದ್ಯ ಬಂತು. ಹಾರ್ಟ್‌ವಿಕ್‌ನ ನಾಯಕ ಡೆಲ್ಬರ್ಟ್ ಮೆಕ್‌ಕ್ರೇ ಕಬ್ಬಿಣದ ಸೀಟನ್ನು ಪಿಕಪ್ ಟ್ರಕ್ಕಿನಲ್ಲಿ ತಂದು, "ನೋಡ್ಕೊಳ್ರಪ್ಪಾ, ವಾಪಸ್ ತಗೊಂಡು ಹೋಗೋದೇ," ಎಂದು ಮೇಜಿನ ಮೇಲಿಟ್ಟ. ಸಾಲ್ಟ್‌ವೆಲ್‌ನವರು ಕಾಫಿ ಹಂಡೆಯನ್ನು ಈ ಸಲವೂ ಅದೇ ಜಾಗದಲ್ಲಿಟ್ಟಿದ್ದರು, ಭಕ್ತಿಯ ಗುರುತಾಗಿ. ತೀರ್ಪುಗಾರ್ತಿ ಪೋಸ್ಟ್ ಆಫೀಸಿನ ಯೂನಿಸ್, ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಸ್ಟೆಫಾ ಈಸ್ಟರ್‌ಗೆ ತೊಡುವ ಉಡುಪಿನಲ್ಲಿ ಮುಂದಿನ ಸಾಲಿಗೆ ಕುರ್ಚಿ ಹಾಕಿಕೊಂಡಳು. ಪಕ್ಕದಲ್ಲಿ, ಪಂದ್ಯ ನೋಡಲೆಂದೇ ಈ ಸಲ ಕೆಸರು ಒಣಗಿದರೂ ಹೊರಡದೆ ಉಳಿದಿದ್ದ ಪರಾಸ್ಕಾ, ಥರ್ಮಾಸಿನಲ್ಲಿ ಚಹಾದೊಂದಿಗೆ.

ಆ ದಿನದ ಆಟದಲ್ಲಿ ಓರೆಸ್ಟ್ ದೂರದ ಹೊಡೆತಗಳಿಂದಲೇ ಹೇಗೋ ದಡ ಸೇರುತ್ತಾ ಬಂದ. ಕೊನೆಯ ಗುಳಿಯಲ್ಲಿ ಎರಡೂ ಊರು ಸಮಸಮ. ಅವನ ಚೆಂಡು ಹುಲ್ಲಿನ ಅಂಚಿನಲ್ಲಿತ್ತು. ಅದು ನೇರ ಗುಳಿಗೆ ಬಿದ್ದರೆ ಸೀಟು ಸಾಲ್ಟ್‌ವೆಲ್‌ಗೆ. ಬೀಳದಿದ್ದರೆ ಸೀಟು ಇದ್ದವರ ಹತ್ತಿರವೇ.

ಆ ಒಣಸೀಮೆಯಲ್ಲಿ ಗುಳಿಯ ಸುತ್ತ ನಯವಾದ ಹುಲ್ಲು ಬೆಳೆಸಲು ಯಾರಿಗೂ ಆಗುವುದಿಲ್ಲ. ಬದಲಿಗೆ ಎಣ್ಣೆ ಕಲಸಿದ ಮರಳನ್ನು ಚಪ್ಪಟೆಯಾಗಿ ಹರಡಿರುತ್ತಾರೆ. ಹೆಜ್ಜೆ ಗುರುತು ಅಳಿಸಲು ಉದ್ದ ಹಿಡಿಕೆಗೆ ಹಳೆ ಕಾರ್ಪೆಟ್ ತುಂಡು ಕಟ್ಟಿ ಪಕ್ಕದಲ್ಲಿ ಇಟ್ಟಿರುತ್ತಾರೆ. ಆಗಷ್ಟೇ ಥೀಸೆನ್ ಸೋದರರು ಮರಳನ್ನು ಎಳೆದು ಸಮ ಮಾಡಿ, ಕಾರ್ಪೆಟ್ ಹಿಡಿದು ನಿಂತಿದ್ದರು.

ಓರೆಸ್ಟ್ ಕೋಲು ಎತ್ತಿಕೊಂಡು ನಿಂತ. ಒಮ್ಮೆ ಸ್ಟೆಫಾಳ ಕಡೆ ನೋಡಿದ. ಅದೇ ನೋಟ. ಒಮ್ಮೆ ಕಾಫಿ ಹಂಡೆಯ ಕಡೆ ನೋಡಿದ. ಅದಕ್ಕೆ ಹೊಸ ನಲ್ಲಿ ಹಾಕಿಸಿದ್ದರು. ಆಗ ಗುಳಿಯ ಹಿಂದೆ ಇವಾರ್, ಅಭ್ಯಾಸಬಲದಿಂದ, ಬಾವುಟದ ಕೋಲನ್ನು ನೆಟ್ಟಗೆ ಹಿಡಿದು ಕುಕ್ಕರಗಾಲಿನಲ್ಲಿ ಕೂತ, ಚಳಿಗಾಲ ಪೂರ್ತಿ ಪೊರಕೆ ಹಿಡಿದು ಕೂತಿದ್ದ ಹಾಗೆಯೇ.

ಓರೆಸ್ಟನ ತಲೆ ಗಾಲ್ಫನ್ನು ಮರೆತೇಬಿಟ್ಟಿತು. ಕೈ ಮಾತ್ರ ಏನನ್ನೋ ನೆನಪು ಮಾಡಿಕೊಂಡಿತು. ಮಂಡಿ ತಾನಾಗಿ ಬಾಗಿತು, ಕೋಲು ಮೆತ್ತಗೆ ಮುಂದೆ ಜಾರಿತು, ಚೆಂಡು ಹುಲ್ಲು ದಾಟಿ ಮರಳಿನ ಮೇಲೆ ಇಳಿದು ಇವಾರನ ಕಡೆ ನೇರವಾಗಿ ಹೊರಟಿತು. ಅಷ್ಟರಲ್ಲಿ ಓರೆಸ್ಟನ ಗಂಟಲಿನಿಂದ ಬಯಲು ನಡುಗುವಂತೆ ಒಂದು ಕೂಗು ಎದ್ದಿತು.

"ಗುಡ್ಸೀ! ಜೋರಾಗಿ ಗುಡ್ಸೀ!"

ಥೀಸೆನ್ ಸೋದರರು ಯೋಚಿಸಲಿಲ್ಲ. ಯೋಚಿಸುವುದು ಅವರ ಮನೆತನದಲ್ಲೇ ಇರಲಿಲ್ಲ. ಕಾರ್ಪೆಟ್ ಹಿಡಿದು ನುಗ್ಗಿ, ಚೆಂಡಿನ ಮುಂದೆ ಓಡೋಡುತ್ತಾ ಮರಳನ್ನು ಕನ್ನಡಿಯಂತೆ ತಿಕ್ಕಿದರು. ಚೆಂಡು ಓಡಿತು, ಗುಳಿಯ ಅಂಚು ಸವರಿತು, ಕೂದಲೆಳೆಯಷ್ಟರಲ್ಲಿ ತಪ್ಪಿ ಆಚೆ ದಾಟಿತು. ದಾಟಿದ್ದೇ ತಡ, ಡೆಲ್ಬರ್ಟ್ ಮೆಕ್‌ಕ್ರೇ ತಲೆಯ ಮೇಲಿನ ಟೋಪಿ ಕಿತ್ತು ಹಾರಿ ಬಂದ. ಮಂಡಿಯೂರಿ ಟೋಪಿಯಿಂದ ಗುಡಿಸುತ್ತಾ ಚೆಂಡನ್ನು ಆಚೆ ದಡದ ಹುಲ್ಲಿಗೆ ಸಾಗಿಸಿಯೇ ಎದ್ದ.

"ಏಯ್! ಓಡೋ ಚೆಂಡಿಗೆ ಕೈ ಹಾಕ್ತೀಯಾ?" ಎಂದು ಇವಾರ್ ಬಾವುಟ ಎತ್ತಿಕೊಂಡು ಹೋದ.

"ಮಧ್ಯ ದಾಟಿದ ಮೇಲೆ ಗುಡಿಸೋ ಹಕ್ಕು ನಂದು!" ಎಂದ ಡೆಲ್ಬರ್ಟ್.

ಇವಾರ್ ನಿಂತ. ಬಾವುಟ ಇಳಿಸಿದ. "ಅದೂ ಸರಿ," ಎಂದ.

ಎರಡೂ ಊರಿನ ಜನ ಅದು ಸರಿಯೆಂದು ತಲೆಯಾಡಿಸಿದರು. ಆಗ ಯೂನಿಸ್ ಕನ್ನಡಕ ಏರಿಸಿಕೊಂಡು ಮರಳಿನ ನಡುವೆ ಬಂದು ನಿಂತಳು.

"ಒಂದು ಪ್ರಶ್ನೆ," ಎಂದಳು. "ಇದು ಯಾವ ಆಟ?"

ಎಲ್ಮರ್ ಕಾರ್ಪೆಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಯೂನಿಸ್ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದಳು. ಚೆಂಡಿನ ಮುಂದೆ ಗುಡಿಸುವ ಗಂಡಸರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ, ಪುಸ್ತಕ ಬರೆದವರು ಸಾಲ್ಟ್‌ವೆಲ್ ಕಂಡವರಲ್ಲ. "ಇಬ್ಬರದ್ದೂ ತಪ್ಪು," ಎಂದಳು ಕೊನೆಗೆ. "ಹೊಡೆತ ಮತ್ತೆ ಆಗ್ಲಿ. ಈ ಸಲ ಯಾರಾದ್ರೂ ಅಲ್ಲಾಡಿದ್ರೆ ಆ ಸೀಟು ಪೋಸ್ಟ್ ಆಫೀಸಿಗೆ ಬರುತ್ತೆ. ನಂಗೂ ಕೂರೋಕೆ ಏನಾದ್ರೂ ಬೇಕು."

ಚೆಂಡನ್ನು ಮತ್ತೆ ಹುಲ್ಲಿನ ಅಂಚಿಗೆ ತಂದಿಟ್ಟರು. ಕಾರ್ಲ್ ತಮ್ಮನ ಕೈ ಹಿಡಿದುಕೊಂಡ, ಎಲ್ಮರ್ ಕಾರ್ಪೆಟ್ಟಿನ ಮೇಲೆಯೇ ಕೂತುಬಿಟ್ಟ. ಡೆಲ್ಬರ್ಟ್ ಟೋಪಿಯನ್ನು ಎರಡೂ ಕೈಯಿಂದ ತಲೆಗೆ ಒತ್ತಿ ಹಿಡಿದ.

ಓರೆಸ್ಟ್ ಮಾತ್ರ ಬೇರೆಯೇ ಮನುಷ್ಯನಾಗಿದ್ದ. ಅವನ ಕೈಯಲ್ಲಿ ಏನೋ ಉಳಿದಿತ್ತು. ಕೋಲಿನಿಂದ ಹೊಡೆಯಬಾರದು, ಕಲ್ಲಿನಂತೆ ಬಿಡಬೇಕು. ಇಷ್ಟೇ ಸಂಗತಿ, ಇಷ್ಟು ವರ್ಷ ಹೊಳೆದಿರಲಿಲ್ಲ. "ಇವಾರ್," ಎಂದ ಮೆಲ್ಲಗೆ, "ಕೂತ್ಕೋ, ಮಾರಾಯ."

ಇವಾರ್ ಬಾವುಟ ಹಿಡಿದು ಕೂತ. ಓರೆಸ್ಟ್ ಚೆಂಡನ್ನು ಬಿಟ್ಟ.

ಅದು ಹುಲ್ಲಿನ ಮೇಲೆ ಒಂದು ಸಣ್ಣ ನೆಗೆತ ನೆಗೆದು, ಕಂದು ಮರಳಿಗೆ ಇಳಿದು, ತನ್ನ ದಾರಿ ತನಗೆ ಗೊತ್ತು ಎಂಬಂತೆ ಉರುಳಿತು. ಯಾರೂ ಕೂಗಲಿಲ್ಲ. ಗೋಧಿ ಹೊಲದ ಮೇಲಿನ ಗಾಳಿ ನಿಂತಂತಿತ್ತು, ಪರಾಸ್ಕಾಳ ಚಹಾ ಬಾಯಿಯ ಹತ್ತಿರವೇ ನಿಂತಿತ್ತು. ಇಷ್ಟು ಜನರ ನಡುವೆ ಅಷ್ಟು ಸಣ್ಣ ವಸ್ತುವೊಂದು ಅಷ್ಟು ನಿಧಾನವಾಗಿ, ಅಷ್ಟು ಸರಿಯಾಗಿ ಹೋಗುವುದನ್ನು ಆ ಬಯಲು ಹಿಂದೆ ಕಂಡಿರಲಿಲ್ಲ. ಇವಾರ್ ಬಾವುಟ ತೆಗೆದ. ಚೆಂಡು ಹೋಗಿ ಒಳಗೆ ಬಿತ್ತು.

ಎಲ್ಲರಿಗಿಂತ ಹೆಚ್ಚು ಬೆರಗಾದವನು ಓರೆಸ್ಟ್. ಬಾಯಿ ತೆರೆದುಕೊಂಡು ನಿಂತೇ ಇದ್ದ. ತನ್ನ ಕೈಯಿಂದ ಇಂಥದ್ದು ಆದೀತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಡೆಲ್ಬರ್ಟ್ ನಿಧಾನವಾಗಿ ಟೋಪಿ ತೆಗೆದ. "ಕೂಜಿಕ್," ಎಂದ, "ನಾನು ನಲ್ವತ್ತು ವರ್ಷದಿಂದ ಆಡ್ತಿದ್ದೀನಿ. ಇದನ್ನ ನಾನು ನನ್ ಮೊಮ್ಮಕ್ಕಳಿಗೆ ಹೇಳ್ತೀನಿ."

ಸಂಜೆ ಊರಿನ ಸಭಾಭವನದಲ್ಲಿ ಊಟ. ಓರೆಸ್ಟನನ್ನು ಕಬ್ಬಿಣದ ಸೀಟಿನ ಮೇಲೆ ಕೂರಿಸಿದರು. "ನಾಕು ಮಾತು ಹೇಳ್ರೀ," ಎಂದು ಸ್ಟೆಫಾ ತಿವಿದಳು. ಅವನು ಎದ್ದ. ನೂರಾರು ಕಣ್ಣು ಅವನ ಮೇಲೆ ನೆಟ್ಟಿದ್ದವು. ನಿಜವಾದ ಹೊಡೆತವೊಂದು ತನ್ನ ಕೈಯಿಂದ ಆದ ಮೇಲೆ ಬಾಯಿಯೊಳಗಿನ ಸುಳ್ಳು ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಉಗುಳಿಯೇ ಬಿಟ್ಟ.

"ನಾನು ಚಳಿಗಾಲದಲ್ಲಿ ಅಭ್ಯಾಸ ಮಾಡ್ಲೇ ಇಲ್ಲ," ಎಂದ. "ನೆಲಮಾಳಿಗೇಲಿ ಮಲಗಿದ್ದೆ. ದಿನಾ ಮಲಗಿದ್ದೆ. ಟಕ್ ಅಂತಿದ್ದದ್ದು ಪಂಪು. ಸ್ಟೆಫಾ, ತಪ್ಪಾಯ್ತು."

ಚಮಚೆಗಳು ನಿಂತವು. ಓರೆಸ್ಟ್ ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ತಲೆ ತಗ್ಗಿಸಿದ. ಆಗ ಮೇಜಿನ ತುದಿಯಿಂದ ಇವಾರ್ ಸುಂಡ್‌ಬಿ ನಿಧಾನವಾಗಿ ಎದ್ದ. ಅವನ ಕಣ್ಣಲ್ಲಿ ನೀರಿತ್ತು.

"ಕೇಳಿದ್ರೇನ್ರಯ್ಯಾ?" ಎಂದ. "ಮಲಗಿದ್ದನಂತೆ! ಕೋಲು ಮುಟ್ಲಿಲ್ವಂತೆ! ನಾವು ತೋಳು ನೋಯಿಸ್ಕೊಂಡು ಹೊಡೀತಾ ಕೂತ್ರೆ, ಇವ್ನು ಮಲಗಿ, ಮನಸ್ಸಲ್ಲೇ ಆಡಿ ಮುಗಿಸಿದ. ಪಂಪು ತಾಳ ಹಾಕ್ತಿತ್ತು ಅಷ್ಟೆ!"

"ತಾಳ," ಎಂದ ಎಲ್ಮರ್, ಮಂತ್ರ ಹೇಳಿದಂತೆ.

"ಇಲ್ಲ ಕಣೋ, ನಾನು ಬರೀ ನಿದ್ದೆ—"

"ಬರೀ ನಿದ್ದೆ ಅಂತಾನೆ! ನೋಡಿ ವಿನಯ!" ಎಂದು ಪರಾಸ್ಕಾ ಎದ್ದು ಅಳಿಯನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ಅಂದ್ರೆ ನಾನು ಕುಡಿದ ಚಹಾ ಒಂದೂ ದಂಡ ಆಗ್ಲಿಲ್ಲ!" ಭವನ ಚಪ್ಪಾಳೆಯಲ್ಲಿ ಮುಳುಗಿತು. ಓರೆಸ್ಟ್ ಮೆಲ್ಲಗೆ ತಲೆ ಎತ್ತಿದ. ಸ್ಟೆಫಾಳ ಕಣ್ಣಿನ ನೋಟ ಆರಿರಲಿಲ್ಲ, ಮೊದಲಿಗಿಂತ ಹೊಳೆಯುತ್ತಿತ್ತು.

ಮುಂದಿನ ಚಳಿಗಾಲಕ್ಕೆ ಸಾಲ್ಟ್‌ವೆಲ್‌ನಲ್ಲಿ ಹಳೆ ಸೋಫಾ ಸಿಗುವುದೇ ಕಷ್ಟವಾಯಿತು. ಊಟವಾಗುತ್ತಿದ್ದಂತೆ ಊರಿನ ಗಂಡಸರೆಲ್ಲ ಗಂಭೀರವಾಗಿ ನೆಲಮಾಳಿಗೆಗೆ ಇಳಿಯತೊಡಗಿದರು. ಹೆಂಗಸರು ಮಕ್ಕಳಿಗೆ "ಶ್, ಅಪ್ಪ ಶಾರ್ಟ್ ಗೇಮ್ ಮಾಡ್ತಿದ್ದಾರೆ," ಎಂದು ಗದರಿಸತೊಡಗಿದರು. ಚೆನ್ನಾಗಿದ್ದ ಪಂಪಿನ ಬಿಗಿಪಟ್ಟಿಯನ್ನು ಸಡಿಲ ಮಾಡಿಸಲು ಹಾರ್ಟ್‌ವಿಕ್‌ನಿಂದಲೂ ಕೊಳಾಯಿಯವನಿಗೆ ಕರೆ ಬಂತು.

ಓರೆಸ್ಟನಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಚೆಂಡು ಮರಳಿನ ಮೇಲೆ ಉರುಳುತ್ತಿತ್ತು. ಅಂಥದ್ದು ಇನ್ನೊಂದು ಆದೀತೇ ಎಂದು ಜೀವ ಹಾತೊರೆಯುತ್ತಿತ್ತು. ಒಂದು ರಾತ್ರಿ ತಡೆಯಲಾರದೆ ಎದ್ದು, ಹಳೆ ಕಾರ್ಪೆಟ್ ಹಾಸಿ, ಫ್ರೀಜರಿನ ಬುಡದಲ್ಲಿ ಒಂದು ಬಟ್ಟಲನ್ನು ಅಡ್ಡ ಮಲಗಿಸಿ, ಮಂಡಿ ಬಾಗಿಸಿ, ಕೋಲನ್ನು ಮೆತ್ತಗೆ ಮುಂದೆ ಜಾರಿಸಿದ. ಚೆಂಡು ಹೋಗಿ 'ಟಣ್' ಎಂದು ಬಟ್ಟಲಿನೊಳಗೆ ಹೊಕ್ಕಿತು. ಅವನ ಮೈ ಜುಮ್ಮೆಂದಿತು. ಇನ್ನೊಂದು ಇಟ್ಟ. ಅದೂ ಹೊಕ್ಕಿತು.

ಮೇಲಿನಿಂದ ಮೆಟ್ಟಿಲಬಾಗಿಲು ದಡಾರನೆ ತೆರೆಯಿತು.

"ಏನ್ರೀ ಅದು ಸದ್ದು?" ಎಂದು ಸ್ಟೆಫಾ ಕೂಗಿದಳು. "ಪಂಪಿನ ಸದ್ದಲ್ಲ ಅದು, ನಂಗೆ ಗೊತ್ತಾಗುತ್ತೆ! ಇಡೀ ಊರು ನಿಮ್ಮನ್ನ ನಂಬ್ಕೊಂಡು ಕೂತಿದೆ. ಆ ಹುಡುಗಾಟ ಬಿಟ್ಟು, ಸುಮ್ನೆ ಮಲಗಿ ಅಭ್ಯಾಸ ಮಾಡ್ರೀ!"